ಪಕ್ಕದ ಕುರ್ಚಿಯ ಇವಾಂತಿಯಾ

ತಣ್ಣಗೆ ಏರುತ್ತಿದೆ, ಮಣಿಕಟ್ಟು, ಮೊಣಕೈ, ಈಗ ಕಂಕುಳು, ಯಾರ ರಕ್ತವೋ, ಟ್ರಾಮ್ ಓಡಿಸುವವನದೋ ಮೇಷ್ಟರದೋ, ಇರಲಿ, ಮೆಲ್ಬೋರ್ನಿನ ಅರ್ಧ ಊರು ನನ್ನೊಳಗೆ ಹರಿದುಹೋಗಿದೆ, ಯಾರ್ರಾ ನದಿ ನನ್ನೆದುರು ಚರಂಡಿ — ರಕ್ತ ಮಾಡಲೊಲ್ಲದ ಮೂಳೆ ನನ್ನದು, ಅಪ್ಪ ಅಮ್ಮ ಸೈಪ್ರಸ್ಸಿನಿಂದ ಹಡಗು ಹತ್ತುವಾಗ ತಂದ ಆಸ್ತಿ ಅದೊಂದೇ, ತಿಂಗಳಿಗೊಮ್ಮೆ ಈ ಆಸ್ಪತ್ರೆಯ ಕುರ್ಚಿಯಲ್ಲಿ ಒರಗಿ ಊರವರಿಂದ ಕಪ್ಪ ವಸೂಲು ಮಾಡುವ ಮಹಾರಾಜ ನಾನು, ಆರ್ಗಿರಿಸ್, ಹೊಟ್ಟೆಯೊಳಗೆ ಊದಿದ್ದ ನನ್ನ ಗುಲ್ಮ ಕತ್ತರಿಸಿ ತೆಗೆದ ದಿನ ಅದನ್ನು ಹೊರಲು ನಾಲ್ಕು ಜನ, ದಾರಿ ಬಿಡಿ ಎಂದು ಕೂಗಲು ಐದನೆಯವನು — ಥೂ ಸುಳ್ಳಪ್ಪಾ, ಹೋದ್ಸಲ ಹೇಳ್ದಾಗ ಇಬ್ರೇ ಹೊತ್ತಿದ್ರಲ್ಲೋ, ಎನ್ನಬೇಕಿತ್ತು ಈಗ ಪಕ್ಕದ ಕುರ್ಚಿಯಿಂದ ಇವಾಂತಿಯಾ, ನನ್ನದೇ ಕಾಯಿಲೆಯವಳು, ಮಕ್ಕಳ ವಾರ್ಡಿನಿಂದ ನನ್ನ ಜೊತೆಗೇ ಚುಚ್ಚಿಸಿಕೊಂಡು ಬೆಳೆದವಳು, ಬಾಯಿ ಬಿಟ್ಟರೆ ಬೈಗುಳ, ಡಬ್ಬಿ ಬಿಚ್ಚಿದರೆ ಹಲೂಮಿ ಗಿಣ್ಣು, ಚಳಿಗಾಲದಿಂದ ಕಂಡಿಲ್ಲ, ಫೋನಿನ ಗೆಳೆತನವಲ್ಲ ನಮ್ಮದು, ಕುರ್ಚಿಯದು, ವಾರ ಬದಲಾಗಿರಬೇಕು ಅವಳದು ಅಂದುಕೊಂಡೆ, ನನ್ನ ಸರದಿಯನ್ನೂ ತಳ್ಳಿದೆ, ಜ್ವರ ಅಂದೆ, ಅಜ್ಜಿಯ ಮದುವೆ ಅಂದೆ, ಮೈಯಲ್ಲಿದ್ದ ರಕ್ತ ತೀರುತ್ತ ಬಂತು, ಮನೆ ಮುಂದಿನ ಮೆಟ್ಟಿಲು ಸೈಪ್ರಸ್ಸಿನ ಟ್ರೂಡೋಸ್ ಪರ್ವತವಾಯಿತು, ಕಿವಿಯೊಳಗೆ ಎದೆ ಡೋಲು ಹೊಡೆಯುತ್ತಿತ್ತು, ತಾಳಿದೆ, ನನ್ನಷ್ಟು ತಾಳಿದ ಗಂಡು ಭೂಮಿಯ ಮೇಲಿಲ್ಲ, ಒಂದು ಮಾತು ಹೇಳಬೇಕಿತ್ತು ಅವಳಿಗೆ, ಉಪ್ಪುಖಾರ ಹಚ್ಚದ ಒಂದೇ ಮಾತು, ನನ್ನ ಜೊತೆ ಬಂದಿರ್ತೀಯಾ ಅಂತ — ಬುದ್ಧಿ ಇದೆಯೇನಯ್ಯಾ ನಿಂಗೆ, ಎಂದಳು ಇವತ್ತು ಸೂಜಿ ಚುಚ್ಚುತ್ತ ನರ್ಸ್ ಮೆಲೆ, ಟೊಂಗಾ ದ್ವೀಪದವಳು, ಅವಳ ತೋಳು ನನ್ನ ಸೊಂಟಕ್ಕಿಂತ ದಪ್ಪ, ಮುಖ ನೋಡು, ಸುಣ್ಣ ಬಳಿದಂಗಿದೆ, ಯಾಕಪ್ಪಾ ಇಷ್ಟು ತಡ ಮಾಡ್ದೆ, ಇವಾಂತಿಯಾ ಬರಲಿ ಅಂತ, ಅಂದೇಬಿಟ್ಟೆ, ಅವಳ ಕೈ ನಿಂತಿತು, ಅಯ್ಯೋ ರಾಜಾ ನಿಂಗೆ ಹೇಳ್ಲಿಲ್ವಾ, ಆ ಹೊಸ ಜೀನ್ ಚಿಕಿತ್ಸೆ ಹಿಡೀತಲ್ಲ ಅವಳಿಗೆ, ಈಗ ಅವಳ ಮೂಳೆನೇ ರಕ್ತ ಮಾಡುತ್ತೆ, ಇನ್ ಬರಲ್ಲ ಅವಳು, ಖುಷಿ ಪಡೋ — ಪಟ್ಟೆ, ಇಡೀ ಆಸ್ಟ್ರೇಲಿಯಾದಲ್ಲಿ ನನ್ನಷ್ಟು ಯಾರೂ ಪಟ್ಟಿರಲಾರರು, ಈಗಲೂ ಪಡುತ್ತಿದ್ದೇನೆ, ಕತ್ತು ಮಾತ್ರ ಆ ಕಡೆಗೇ ತಿರುಗುತ್ತದೆ, ಮೆಲೆ ರೂಢಿ ತಪ್ಪದೆ ಆ ಕುರ್ಚಿಗೂ ಒಂದು ಬಿಸಿ ಹೊದಿಕೆ ಇಟ್ಟು ಹೋಗಿದ್ದಾಳೆ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು, ಇವಾಂತಿಯಾ ಇದ್ದಿದ್ದರೆ ಸರಕ್ಕನೆ ಎಳೆದು ಮೂಗಿನವರೆಗೆ ಹೊದೆಯುತ್ತಿದ್ದಳು, ಹೇಳೋ, ಇವತ್ತೇನು ಸುಳ್ಳು, ಅನ್ನುತ್ತಿದ್ದಳು, ಹೇಳಲೇ, ಹೇಳುವುದಕ್ಕೆ — ಹೊದಿಕೆಯ ಬಿಸಿ ಆರಿರಬೇಕು, ಮಡಿಕೆ ಹಾಗೇ ಇದೆ, ಅಂಚಿಗೆ ಅಂಚು, ಬಿಚ್ಚದ ಮಡಿಕೆ, ಆ ಮಡಿಕೆ —