ಅಕ್ಕಸಾಲಿಗನ ಹೆಂಡತಿಯ ಸರ

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರೆ. ನಮ್ಮ ಭಾವ ನನ್ನ ಅಕ್ಕನನ್ನೇ ಬಿಡಲಿಲ್ಲ. ಅವರ ಚಿನ್ನದಂಗಡಿ ಬೀದಿಯ ಆ ಬದಿಗೆ, ನನ್ನ ಚಪ್ಪಲಿ, ಬೆಲ್ಟು, ಬ್ಯಾಗಿನ ಅಂಗಡಿ ಈ ಬದಿಗೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಅಂದಿನಿಂದಲೂ ನಾನು ಅವರಿಗೆ ‘ಕಾಲಿನ ಕಡೆಯವನು’. ಅವರು ಕತ್ತಿನ ಕಡೆಯವರಂತೆ. ಇರಲಿ ಬಿಡಿ, ಬರಿಗಾಲಲ್ಲಿ ಯಾರೂ ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ.

ಇಂಥ ಭಾವನ ಹೆಂಡತಿಯ ಕತ್ತು ಬೋಳು, ಕಿವಿಯೂ ಬೋಳು. ಅಕ್ಕನ ಮೈಗೆ ಲೋಹ ಆಗದು. ಸೋಕಿದ ಗಂಟೆಯೊಳಗೆ ಕೆಂಪಗೆ ದದ್ದು ಏಳುತ್ತದೆ, ಸಂಜೆಗೆ ನೀರು ಒಸರುತ್ತದೆ. ಚರ್ಮದ ಡಾಕ್ಟರು ಅವಳ ಬೆನ್ನಿಗೆ ಏನೇನೋ ಅಂಟಿಸಿ ಪರೀಕ್ಷೆ ಮಾಡಿ, ಆಗದ ಲೋಹಗಳ ಪಟ್ಟಿಯನ್ನೇ ಬರೆದುಕೊಟ್ಟರು. ಪಟ್ಟಿಯ ಕೊನೆಯಲ್ಲಿ ಚಿನ್ನವೂ ಇತ್ತು. ಭಾವ ಅದನ್ನು ನಂಬಲಿಲ್ಲ. ಬೆಸುಗೆ ಬದಲಿಸಿ, ಬೆರಕೆ ಬದಲಿಸಿ, ವರ್ಷಕ್ಕೊಂದು ಹೊಸ ಸರ ಮಾಡುತ್ತಲೇ ಇದ್ದರು. ಅಕ್ಕ ಗಂಡನ ಮುಖ ನೋಡಿ ಹಾಕಿಕೊಳ್ಳುವುದು, ಕೆರೆದುಕೊಳ್ಳುತ್ತ ತೆಗೆದಿಡುವುದು. ಕೊನೆಗೊಂದು ದಿನ, ಚಿನ್ನದ ಚೂರಿ ಅಂತ ಕತ್ತು ಕೊಯ್ದುಕೊಳ್ಳೋಕಾಗುತ್ತೇನ್ರೀ ಎಂದು ಅವಳು ಕೈಮುಗಿದ ಮೇಲೆ ಭಾವ ನಿಲ್ಲಿಸಿದರು.

ಕಳೆದ ತಿಂಗಳು ಭಾವನ ಅಂಗಡಿಗೆ ಬಂದ ಗಿರಾಕಿಯೊಬ್ಬಳು ಅಕ್ಕನ ಬೋಳು ಕತ್ತು ನೋಡಿ, ಸ್ವಂತ ಹೆಂಡತಿಗೇ ಒಂದೆಳೆ ಬಿಚ್ಚದ ಮನುಷ್ಯ ಎಂದು ಭಾವನನ್ನು ಚುಡಾಯಿಸಿದಳು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು. ಸಂಜೆ ಬೀದಿ ದಾಟಿ ನನ್ನ ಹತ್ತಿರ ಬಂದವರ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

“ಊರಲ್ಲಿ ಅರ್ಧ ಜನರ ಕತ್ತು ನಾನೇ ತುಂಬಿಸಿದೀನಯ್ಯ. ನನ್ನ ಕೈಕೆಲಸ ಅವಳ ಕತ್ತಲ್ಲಿ ಒಂದು ಇಡೀ ದಿನ ಇರೋದನ್ನ ನೋಡದೇನೇ ಹೋಗ್ಬಿಡ್ತೀನೇನೋ,” ಎಂದರು.

ಸದಾ ತಮಾಷೆಯ ಬಾಯಿಂದ ಇಂಥ ಮಾತು ಕೇಳಿದ್ದು ಅದೇ ಮೊದಲು. ಚರ್ಮದ ಡಾಕ್ಟರ ಕೈಯಲ್ಲಾಗದ್ದು ಚರ್ಮದ ಕೆಲಸದವನ ಕೈಯಲ್ಲಾದೀತು ಎಂದು ಅವತ್ತೇ ತೀರ್ಮಾನಿಸಿದೆ. ಬೆಣ್ಣೆಯಷ್ಟು ಮೆತ್ತಗಿನ ಕೆಂಪು ಚರ್ಮ ತೆಗೆದು, ಹದಿನೇಳು ಎಲೆ ಕತ್ತರಿಸಿ, ಹೆಣೆದ ದಾರಕ್ಕೆ ಪೋಣಿಸಿದೆ. ಕೊಂಡಿ ಇಲ್ಲ, ಗುಂಡಿ ಇಲ್ಲ. ಹಿಂದುಗಡೆ ಚರ್ಮದ್ದೇ ಗಂಟು, ಅದು ತೂರಲು ಒಂದು ಸೀಳು. ಲೋಹದ ಹೆಸರೇ ಇಲ್ಲ. ಅಕ್ಕ ಬೆಳಿಗ್ಗೆ ಹಾಕಿಕೊಂಡು ಕನ್ನಡಿಯೆದುರು ಅತ್ತ ತಿರುಗಿ ಇತ್ತ ತಿರುಗಿ ನೋಡಿದಳು. ಮಧ್ಯಾಹ್ನಕ್ಕೆ ಕತ್ತಿನ ಸುತ್ತ ಅದೇ ಕೆಂಪು, ಅದೇ ತುರಿಕೆ.

ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಪಾಪ, ಕೆರೆದುಕೊಳ್ಳುತ್ತಲೇ ಅಕ್ಕ ನನ್ನನ್ನು ಸಮಾಧಾನ ಮಾಡಿದಳು. ಭಾವ ಸರ ಎತ್ತಿಕೊಂಡು ತಮ್ಮ ಅಂಗಡಿಗೆ ಹೋದರು. ಅಕ್ಕಸಾಲಿಗನಿಗೆ ಸಂಶಯ ಬಂದರೆ ಬೆಂಕಿಗೆ ಹಿಡಿಯುವುದೊಂದೇ ಗೊತ್ತು. ಒಂದು ಎಲೆ ಕತ್ತರಿಸಿ, ಬಂಗಾರ ಕರಗಿಸುವ ಮೂಸೆಯಲ್ಲಿಟ್ಟು ಊದಿದರಂತೆ. ಆ ನಾತಕ್ಕೆ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಭಾವ ಮೂಸೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಬೀದಿ ದಾಟಿ ಬಂದರು. ಒಳಗೆ ಒಂದು ಚಿಟಿಕೆ ಬೂದಿ, ತಿಳಿ ಹಸಿರು ಬಣ್ಣದ್ದು.

“ಬೂದಿ ಹಸಿರಾಯ್ತು ಅಂದ್ರೆ ಇದರಲ್ಲೂ ಲೋಹ ಇದೆ. ಯಾವುದರಲ್ಲಿ ಹದ ಮಾಡ್ತಾರೆ ಇದನ್ನ?”

“ಕ್ರೋಮ್‌ನಲ್ಲಿ ಭಾವ,” ಎಂದೆ. ಎಂದವನು ತೆರೆದ ಬಾಯಿ ಮುಚ್ಚಲಿಲ್ಲ.

ಕ್ರೋಮ್ ಲೆದರ್, ಕ್ರೋಮ್ ಲೆದರ್ ಎಂದು ದಿನಕ್ಕೆ ಹತ್ತು ಸಲ ಹೇಳುವ ನನಗೆ, ಕ್ರೋಮ್ ಎಂದರೆ ಲೋಹ ಎಂದು ಒಂದು ದಿನವೂ ಹೊಳೆದಿರಲಿಲ್ಲ. ನಮಗದು ಚರ್ಮದ ಒಂದು ಜಾತಿ, ಅಷ್ಟೆ. ಡಾಕ್ಟರ ಪಟ್ಟಿಯಲ್ಲಿ ಅದು ಮೂರನೆಯದು ಎಂದು ಭಾವ ಬಾಯಿಪಾಠ ಒಪ್ಪಿಸಿದರು. ಒಂದು ವರ್ಷಕ್ಕಾಗುವಷ್ಟು ಗೇಲಿ ಕಾದಿದೆ ಎಂದುಕೊಂಡೆ. ಅವರು ಸ್ಟೂಲಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಲೋಹ ಮುಟ್ಟದ ಚರ್ಮ ನಿನ್ನ ಹತ್ತಿರ ಇಲ್ಲವೇ ಎಂದು ಕೇಳಿದರು.

ಇತ್ತು. ಮರದ ತೊಗಟೆಯ ರಸದಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡಿದ್ದು, ಬೆಲ್ಟಿಗೆ ಬಳಸುವಂಥದ್ದು, ಸ್ವಲ್ಪ ಬಿರುಸು. ಈ ಸಲ ಮೊದಲು ಚೂರನ್ನು ಸುಟ್ಟೆವು. ಬೂದಿಯಲ್ಲಿ ಹಸಿರಿನ ಸುಳಿವಿಲ್ಲ. ಈ ಚರ್ಮಕ್ಕೆ ಇನ್ನೊಂದು ಗುಣವಿದೆ. ಒದ್ದೆ ಮಾಡಿ ಒತ್ತಿದರೆ ಗುರುತು ಹಾಗೇ ನಿಲ್ಲುತ್ತದೆ. ಭಾವ ತಮ್ಮ ಸಣ್ಣ ಉಳಿ ತಂದು ಒಂದು ಗೆರೆ ಎಳೆದರು. ಗೆರೆ ಕೂತಿತು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು.

ಮೂರು ಸಂಜೆ ಅವರು ನನ್ನ ಅಂಗಡಿಯಲ್ಲಿ ಕೂತು ಕೆಲಸ ಕಲಿತರು. ಮೊದಲ ದಿನ ಬಂಗಾರಕ್ಕೆ ಬಡಿದಂತೆ ಬಡಿದು ನಾಲ್ಕು ತುಂಡು ತೂತು ಮಾಡಿದರು. ಮೆಲ್ಲಗೆ ಭಾವ, ಮೆಲ್ಲಗೆ, ಎಂದು ಗದರುವ ಸುಖ ನನಗೆ ಇಪ್ಪತ್ತಾರು ವರ್ಷಗಳಲ್ಲಿ ಸಿಕ್ಕಿರಲಿಲ್ಲ, ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚೇ ಗದರಿದೆ. ಮೂರನೆಯ ಸಂಜೆಗೆ ಹೊಸ ಸರದ ಒಂದೊಂದು ಎಲೆಯ ಮೇಲೂ ಕೂದಲೆಳೆಯಂಥ ನರಗಳು ಮೂಡಿದ್ದವು. ನನ್ನ ಕೈಯಲ್ಲಿ ಅಂಥದ್ದು ಬಾರದು. ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಜೇನುಮೇಣ ತಿಕ್ಕಿ, ಹಿಂದೆ ಗಂಟು ಕಟ್ಟಿಕೊಟ್ಟೆ.

ಅಕ್ಕ ಬೆಳಿಗ್ಗೆ ಹಾಕಿಕೊಂಡಳು. ಅದರಲ್ಲೇ ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಬೆವತಳು, ಅದರಲ್ಲೇ ಮಲಗಿದಳು. ಮರುದಿನ ನಾನು ಹಲ್ಲುಜ್ಜಿದವನೇ ಅವರ ಮನೆಗೆ ಓಡಿದೆ. ಭಾವ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹರಳು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕತ್ತು ಪರೀಕ್ಷಿಸುತ್ತಿದ್ದರು. ಒಂದೊಂದು ಎಲೆ ಎತ್ತಿ, ಅದರಡಿಯ ಚರ್ಮ ನೋಡಿ, ಮುಂದಕ್ಕೆ ಹೋಗಿ, ಹಿಂದಿನ ಗಂಟಿನವರೆಗೂ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡಿದರು.

“ಏನ್ರೀ ಕಾಣ್ತಾ ಇದೆ?” ಎಂದು ಅಕ್ಕ ಕೇಳಿದಳು.

“ಏನೂ ಇಲ್ಲ ಕಣೇ,” ಎಂದರು ಭಾವ. ದನಿ ಒಡೆದಿತ್ತು. “ಏನೇನೂ ಇಲ್ಲ.”

ಅಕ್ಕ ಕತ್ತು ಮುಟ್ಟಿಕೊಂಡು ನಕ್ಕಳು. ಹಾಗಾದರೆ ಆ ಗಾಜು ತೆಗೆದು ತನ್ನನ್ನು ಸರಿಯಾಗಿ ನೋಡಿ ಎಂದಳು. ಭಾವ ಕಿಟಕಿಯ ಕಡೆ ಮುಖ ತಿರುಗಿಸಿದರು.

“ತಡಿಯೇ ಸ್ವಲ್ಪ. ಈಗ ತೆಗೆದ್ರೆ ನಿನ್ನ ತಮ್ಮ ನನ್ನ ಕಣ್ಣು ನೋಡ್ಬಿಡ್ತಾನೆ.”