ಕೈ ಅಡ್ಡ ಹಾಕಿದವನು

ಹೆಲ್ಮೆಟ್ ಇನ್ನೂ ಸುತ್ತುತ್ತಿದೆ, ಐಸ್ ಮೇಲೆ, ಬೋರಲಾಗಿ, ನಿಲ್ಲುವ ಮನಸ್ಸೇ ಇಲ್ಲದ ಹಾಗೆ, ಪಕ್ಕದಲ್ಲಿ ಕೆಲನ್ ಅಂಗಾತ ಬಿದ್ದಿದ್ದಾನೆ, ಹದಿನೇಳರ ಹುಡುಗ, ಕಣ್ಣು ತೆರೆದಿವೆ, ನೋಡುತ್ತಿಲ್ಲ — ಏಳೋ, ಬಿದ್ದು ಎದ್ದವನೇ ಹೀರೋ ಅಂತ ಡೈಲಾಗ್ ಹೊಡೆಯುತ್ತಿದ್ದವನು ನಾನೇ ತಾನೇ, ಏಳು — ನಾನು ಪಟ್ಟೆ ಅಂಗಿಯಲ್ಲಿ ಶಿಳ್ಳೆ ಕಚ್ಚಿಕೊಂಡು ನಿಂತಿದ್ದೇನೆ, ಎಡಗೈ ಇನ್ನೂ ಅಡ್ಡ ಚಾಚಿಕೊಂಡೇ ಇದೆ, ಇಳಿಸು ಅದನ್ನ. ಆಟಕ್ಕೆ ಮೊದಲು ಇದೇ ಹುಡುಗ ಜಾರಿಕೊಂಡು ಬಂದು, ಏನ್ ಕೋಚ್, ಕತ್ತೆಗೆ ಪಟ್ಟೆ ಬಳಿದಂಗಿದೀರಲ್ಲ ಅಂದ, ಈಗ ಕೋಚ್ ಅಲ್ಲ ಕಣೋ, ರೆಫರಿ, ಬಾಯಿ ಬಿಟ್ರೆ ಎರಡು ನಿಮಿಷ ಹೊರಗೆ ಕೂರಿಸ್ತೀನಿ ಅಂದೆ, ನಕ್ಕ, ಮುಂದಿನ ಹಲ್ಲೆರಡಿಲ್ಲ, ನನಗೂ ಇಲ್ಲ — ಆರು ವರ್ಷ ಐಸ್‌ಹಾಕಿ ಆಡಿ ನಾನು ಹೊಡೆದ ಗೋಲು ಒಂಬತ್ತು, ಹೊಡೆದ ಮುಖಗಳು ನೆನಪಿಲ್ಲ, ತಂಡ ನನ್ನನ್ನು ಇಟ್ಟುಕೊಂಡಿದ್ದೇ ಅದಕ್ಕೆ, ಮಂಡಿ ಹೋದ ಮೇಲೆ ಕೋಚ್ ಆದೆ, ಕೆನಡಾದ ಸಸ್ಕ್ಯಾಚುವಾನಿನ ಈ ಗೋಧಿ ಊರಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕೇಳ್ರೋ, ಜಗಳಕ್ಕಿಳಿದ್ರೆ ಮೊದಲು ಗ್ಲೌಸ್ ಬಿಸಾಕಿ, ಆಮೇಲೆ ಹೆಲ್ಮೆಟ್ ತೆಗೀರಿ, ತಲೆ ಮುಚ್ಕೊಂಡು ಹೊಡೆಯೋನು ಹೇಡಿ, ಅಂದೆ. ಕೆಲನ್‌ನ ಅಮ್ಮ ಮಾರ್ಲಾ ಬೆಂಚಿನ ಹಿಂದೆ ಕೇಳಿಸಿಕೊಂಡು, ಓರೆಸ್ಟ್, ಆ ತಲೆ ಹೆತ್ತೋಳು ನಾನು, ನೀನಲ್ಲ ಅಂದಳು, ಅಯ್ಯೋ ಬಿಡು ಮಾರ್ಲಾ, ನಿನ್ ಮಗನ ತಲೆ ಐಸಿಗಿಂತ ಗಟ್ಟಿ ಅಂದೆ, ಎಲ್ಲರೂ ನಕ್ಕರು, ಅವಳೊಬ್ಬಳು ನಗಲಿಲ್ಲ.

ಇವತ್ತು ಎದುರು ತಂಡದವನ ಜೊತೆ ಜಗಳಕ್ಕಿಳಿದು ಹೆಲ್ಮೆಟ್ ಮೊದಲು ತೆಗೆದವನು ಕೆಲನ್, ನನ್ನ ಕಡೆ ಒಮ್ಮೆ ನೋಡಿ ತೆಗೆದ, ತೆಗೆದ ಕೂಡಲೇ ಜಗಳ ಬಿಡಿಸಬೇಕು, ಅದು ನಿಯಮ, ನನ್ನ ಜೊತೆಗಿನ ಲೈನ್ಸ್‌ಮನ್ ಡ್ವೈಟ್ ಬಿಡಿಸೋಕೆ ನುಗ್ಗಿದ, ನಾನು ಕೈ ಅಡ್ಡ ಹಾಕಿದೆ — ತಡಿ, ಈಗ ಹೋದ್ರೆ ಹುಡುಗನ ಮರ್ಯಾದೆ ಹೋಗುತ್ತೆ, ಒಬ್ಬ ಬೀಳ್ಲಿ — ಬಿದ್ದ, ಹಿಂದಲೆ ಐಸಿಗೆ ಬಡಿದ ಸದ್ದು, ಅಷ್ಟೇ. ಕೆಲನ್, ನನ್ನ ಬೆರಳು ಹಿಡಿಯಪ್ಪಾ, ಓಡಿಬಂದ ಡಾಕ್ಟರಮ್ಮ ಮತ್ತೆ ಮತ್ತೆ ಹೇಳುತ್ತಿದ್ದಾಳೆ, ಅವನು ಹಿಡಿಯುತ್ತಿಲ್ಲ, ಡ್ವೈಟ್ ನನ್ನ ಕಿವಿಯ ಹತ್ತಿರ ಬಂದು, ರಿಪೋರ್ಟಲ್ಲಿ ನಾವು ತಲುಪೋದು ತಡ ಆಯ್ತು ಅಂತ ಬರಿ, ಎಲ್ರೂ ಹಂಗೇ ಬರೆಯೋದು, ನಾನೂ ಸಹಿ ಹಾಕ್ತೀನಿ, ಹೌದು, ತಡ ಆಯ್ತು, ಸುಲಭ — ಮಾರ್ಲಾ ಹಿಮದ ಬೂಟಿನಲ್ಲಿ ಜಾರುತ್ತಾ ಬರುತ್ತಿದ್ದಾಳೆ, ಯಾರೂ ತಡೆಯುತ್ತಿಲ್ಲ, ಮಗನನ್ನು ದಾಟಿ ನೇರ ನನ್ನೆದುರು, ಮೆಲ್ಲಗೆ, ನೀನ್ ಕೈ ಅಡ್ಡ ಹಾಕಿದ್ದು ನೋಡ್ದೆ, ಓರೆಸ್ಟ್. ಇಲ್ಲ ಮಾರ್ಲಾ, ಅಂದರೆ, ಹೌದು, ಇಳಿಸಿದ್ದೇನೆ ನೋಡು, ತೊಡೆಗೆ ಅಂಟಿಸಿಕೊಂಡಿದ್ದೇನೆ, ಆದರೂ ಅಲ್ಲೇ ಇದೆ, ಎಡಗೈ, ಅಡ್ಡ, ಡ್ವೈಟನ ಎದೆಗೆ ಅಡ್ಡ, ಅದರಾಚೆ ಕೆಲನ್ ಇನ್ನೂ ನಿಂತೇ ಇದ್ದಾನೆ, ಬರಿದಲೆಯಲ್ಲಿ, ಕೈ ಅಡ್ಡ, ನಿಂತೇ ಇದ್ದಾನೆ