ತಂಗಿಗೆ ಕೇಳಿದ ಪ್ರಶ್ನೆಗಳು

ನೆಲೆಯಿಲ್ಲದವರಿಗೆ ಊಟ, ಹಾಸಿಗೆ ಕೊಡುವ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಅಲ್ಲಿಗೆ ಬರುವವರು ಸಮೀಕ್ಷೆಯಲ್ಲಿ ಹೇಳಿದ ಉತ್ತರಗಳನ್ನು ಕಂಪ್ಯೂಟರಿಗೆ ತುಂಬುತ್ತೇನೆ. ಕೂದಲು ನೆರೆತ ಮೇಲೆ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತವಳು. ಬೆರಳು ನಿಧಾನ, ತಪ್ಪು ಕಡಿಮೆ. ಆ ಬಗ್ಗೆ ಒಂಚೂರು ಜಂಬವೂ ಇತ್ತು.

ಈ ಸಲ ಪ್ರಶ್ನೆಗಳು ಹೊಸವು. "ಮೊದಲು ಮನೇಲಿ ಯಾರನ್ನಾದ್ರೂ ಕೂರಿಸ್ಕೊಂಡು ಕೇಳಿ ನೋಡಿ. ಎಲ್ಲಿ ನಾಲಿಗೆ ತೊಡರುತ್ತೆ ಗೊತ್ತಾಗ್ಲಿ," ಎಂದಳು ಮೇಲ್ವಿಚಾರಕಿ.

ನಾನು ತಂಗಿಯನ್ನು ಕೂರಿಸಿದೆ. ಗಂಡ ತೀರಿಕೊಂಡ ಮೇಲೆ ಅವಳು ನನ್ನ ಜೊತೆಯೇ ಇದ್ದಾಳೆ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಾಳೆ. ನನಗಿಂತ ಮುಂಚೆ ಬರುತ್ತಾಳೆ, ನಾನು ಬರುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಗಾಳಿ ಚೆನ್ನಾಗಿದೆ ಅನ್ನುತ್ತಾಳೆ. ನಾನೂ ಹಾಗೇ ಅಂದುಕೊಂಡಿದ್ದೆ.

"ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?"

"ಅಬ್ಬಾ, ಬಹುವಚನ! ನನ್ನ ಬೆಲೆ ಏರಿಬಿಡ್ತಲ್ಲಕ್ಕ."

"ಉತ್ತರ ಹೇಳೇ."

"ಮನೇಲಿ. ಸ್ವಂತ ಮನೇಲಿ ಅಂತ ಬರ್ಕೋ."

"ಯಾವ ಜಾಗದಲ್ಲಿ?"

"ಅಡುಗೆಮನೆ ಕಿಟಕಿ ಕೆಳಗೆ."

"ಮನೆ ಕೀಲಿ ನಿಮ್ಮ ಹತ್ರ ಇದೆಯಾ?"

"ಇಲ್ಲ."

"ಸಾಮಾನು ಎಲ್ಲಿಡ್ತೀರಿ?"

"ಚೀಲದಲ್ಲಿ."

"ಹೋಗಿ ಅಂದ್ರೆ ಎಲ್ಲಿಗೆ ಹೋಗ್ತೀರಿ?"

ಅವಳು ಎದ್ದಳು. "ಹಾಲು ಉಕ್ಕುತ್ತೆ, ತಾಳು."

ನನ್ನ ಗಮನವೆಲ್ಲ ನಾಲಿಗೆ ಎಲ್ಲಿ ತೊಡರುತ್ತದೆ ಅನ್ನುವುದರ ಮೇಲೆ. ಹೇಳಿದ್ದನ್ನು ಹಾಗೇ ಬರೆದುಕೊಂಡೆ. ಮಾರನೆ ದಿನ ಅದನ್ನೇ ಪ್ರಯೋಗಕ್ಕೆಂದು ಕಂಪ್ಯೂಟರಿಗೆ ತುಂಬಿದಾಗ ಪರದೆಯ ಮೇಲೆ ಕೆಂಪು ಗೆರೆ ಬಂತು. ಸ್ವಂತ ಮನೆ ಅಂದವರಿಗೆ ಕೀಲಿ ಇಲ್ಲ ಅಂದರೆ ಯಂತ್ರ ಒಪ್ಪುವುದಿಲ್ಲ.

ಮೇಲ್ವಿಚಾರಕಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಇವರದು ಸ್ವಂತ ಮನೆ ಅಲ್ಲಮ್ಮ, ಬೇರೆಯವರ ಮನೇಲಿ ಆಶ್ರಯ. ನಾಚ್ಕೊಂಡು ಸ್ವಂತ ಅಂತಾರೆ, ಪಾಪ. ನೆಲೆಯಿಲ್ಲದವರ ಗುಂಪಿಗೇ ಹಾಕಿ. ಯಾರಿದು?"

"ಗೊತ್ತಿರೋರೊಬ್ರು," ಎಂದೆ. ತಂಗಿ ಅನ್ನಲು ಬಾಯಿ ಬರಲಿಲ್ಲ.

ಸಂಸ್ಥೆಯ ವ್ಯಾನಿನ ಡ್ರೈವರ್ ಪಕ್ಕದಲ್ಲೇ ಚಹಾ ಹೀರುತ್ತ ನಿಂತಿದ್ದ. "ಇಟ್ಕೊಂಡಿರೋರು ಭಾರಿ ದೊಡ್ಡ ಮನಸ್ಸಿನೋರು ಬಿಡಿ! ಕೀಲಿ ಕೊಟ್ರೆ ಗೋಡೆ ಹೊತ್ಕೊಂಡು ಹೋಗ್ತಾರೇನೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಕಿವಿಯವರೆಗೆ ಬಿಸಿಯಾಯಿತು. ತಂಗಿಯನ್ನು ಆ ಗುಂಪಿಗೆ ಸೇರಿಸಿದೆ. ಕೆಂಪು ಗೆರೆ ಹೋಯಿತು.

ಸಂಜೆ ಕೀಲಿ ಮಾಡುವವನ ಅಂಗಡಿಗೆ ಹೋಗಿ ಇನ್ನೊಂದು ಕೀಲಿ ಮಾಡಿಸಿದೆ. ಮೆಟ್ಟಿಲ ಮೇಲೆ ಕೂತಿದ್ದವಳ ಅಂಗೈಗೆ ಅದನ್ನಿಟ್ಟೆ.

ಅವಳ ಮುಖ ಬಾಡಿತು. "ಯಾಕಕ್ಕ, ನೀನೆಲ್ಲಾದ್ರೂ ಹೊರಟ್ಯಾ?"

"ಎಲ್ಲೂ ಇಲ್ಲ. ನಿನ್ನ ಮನೆ, ನಿನ್ನ ಕೀಲಿ. ಇಷ್ಟು ದಿನ ನನಗೆ ಹೊಳೀಲಿಲ್ಲ ಕಣೇ."

"ಅಯ್ಯೋ, ಬಿಡಕ್ಕ," ಎಂದು ಬೇರೆ ಮಾತೆತ್ತಿದಳು.

ಮರುದಿನ ಬಂದು ನೋಡಿದರೆ ಮತ್ತೆ ಮೆಟ್ಟಿಲ ಮೇಲೇ ಇದ್ದಾಳೆ.

"ಕೀಲಿ ಕಳ್ಕೊಂಡ್ಯಾ?"

ಮುಷ್ಟಿ ಬಿಚ್ಚಿದಳು. ಬೆವರಿಗೆ ಕೀಲಿ ಒದ್ದೆಯಾಗಿತ್ತು. "ಬಾಗಿಲ ತನಕ ಹೋಗಿದ್ದೆ. ನೀನಿಲ್ದಾಗ ಹೆಂಗೆ ಒಳಗೆ ಹೋಗೋದು ಅನ್ನಿಸ್ತು."

ನನ್ನ ಕೀಲಿಯನ್ನು ಚೀಲದ ತಳಕ್ಕೆ ತಳ್ಳಿದೆ. "ನನ್ನದು ಆಫೀಸಲ್ಲೇ ಉಳೀತು. ನೀನೇ ತೆಗೀಬೇಕು, ಕಾಲು ನೋಯ್ತಿದೆ."

ಅವಳು ಮೇಲೆ ಹತ್ತಿ ಬೀಗ ತೆಗೆದಳು, ಬಾಗಿಲು ತಳ್ಳಿದಳು. ಆಮೇಲೆ ಗೋಡೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿದು, ನಾನು ಮೊದಲು ಹೋಗಲೆಂದು ಕಾಯುತ್ತ ನಿಂತಳು.